ಟೆರೇಸಿನ ಗರಡಿ

ಮುಂಬಯಿಯಲ್ಲಿ ಮಕ್ಕಳಿಗೆ ಆಡೋಕೆ ಜಾಗ ಎಲ್ಲಿದೆ ಅಂತ ಊರಿನವರು ಕೇಳುತ್ತಾರೆ. ಪ್ರಶ್ನೆ ಸರಿಯೇ. ಘಾಟ್ಕೋಪರ್‌ನಲ್ಲಿ ಲೋಕಲ್ ರೈಲೂ ಮೆಟ್ರೊವೂ ಸೇರುವ ಕಡೆ ಬೆಳಿಗ್ಗೆ ಹೊತ್ತು ಕಾಲಿಡಲು ಜಾಗ ಸಿಕ್ಕರೆ ಅದೇ ಪುಣ್ಯ. ಆದರೆ ಬಾಸ್ಕೆಟ್‌ಬಾಲಿಗೆ ಬೇಕಾದದ್ದು 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಗಳ, ಅಷ್ಟೆ. ನಾಗಪಾಡಾದಂಥ ಕಿಕ್ಕಿರಿದ ಬಡಾವಣೆ ಈ ಆಟಕ್ಕೆ ಹೆಸರಾದದ್ದು ಹಾಗೆ. 1970ರಲ್ಲಿ ಅರ್ಜುನ ಪ್ರಶಸ್ತಿ ಪಡೆದ, ಭಾರತ ತಂಡದ ನಾಯಕರೂ ಆಗಿದ್ದ ಅಬ್ಬಾಸ್ ಮುಂತಾಸಿರ್ ಅಲ್ಲಿಯವರೇ.

ನನ್ನ ಮೊಮ್ಮಗಳಿಗೆ ಈಗ ಹದಿನೈದು. ಮೂರು ವರ್ಷದಿಂದ ಅವಳಿಗೆ ಈ ಆಟದ ಹುಚ್ಚು. ಕಳೆದ ವರ್ಷ ಅವಳ ಕೋಚ್ ತಂಡದ ಹುಡುಗಿಯರಿಗೆ ವಾರಕ್ಕೆ ಎರಡು ದಿನ ಭಾರ ಎತ್ತುವ ತರಬೇತಿ ಶುರು ಮಾಡಿದರು. ಜಿಮ್ಮಿನ ಫೀಸು ಎಲ್ಲರಿಗೂ ಆಗಿಬರುವುದಿಲ್ಲ. ಸೊಸೈಟಿಯವರ ಒಪ್ಪಿಗೆ ಕೇಳಿ, ನಮ್ಮ ಕಟ್ಟಡದ ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಪಕ್ಕವೇ ವ್ಯವಸ್ಥೆಯಾಯಿತು.

ಸುದ್ದಿ ದಾವಣಗೆರೆ ಮುಟ್ಟಲು ಎರಡು ದಿನ ಹಿಡಿಯಲಿಲ್ಲ. ನನ್ನ ಹೆಂಡತಿಯ ಅಕ್ಕ ಫೋನಿನಲ್ಲಿ, "ಏನೇ, ಹೆಣ್ಣುಹುಡುಗಿ ಕೈಲಿ ಕಬ್ಬಿಣ ಎತ್ತಿಸ್ತಿದ್ದೀರಂತೆ? ಬೆಳವಣಿಗೆ ನಿಂತುಹೋಗಲ್ವೇನೆ?" ಅಂದರು. ಅದೇ ತಿಂಗಳು ಒಂದು ಪಂದ್ಯದಲ್ಲಿ ಇವಳ ಗೆಳತಿ ಚೆಂಡಿಗೆ ಹಾರಿ ಕೆಳಗೆ ಬರುವಾಗ ಮಂಡಿ ಒಳಕ್ಕೆ ತಿರುಗಿ ಬಿದ್ದಳು. ಯಾರೂ ಅವಳನ್ನು ಮುಟ್ಟಿರಲಿಲ್ಲ. ಮಂಡಿಯೊಳಗಿನ ಎಸಿಎಲ್ ಎಂಬ ಕಟ್ಟು ಹರಿದಿತ್ತು. ಆಪರೇಷನ್ ಆಯಿತು. ಇನ್ನು ಒಂಬತ್ತು ತಿಂಗಳಾದರೂ ಪಂದ್ಯದ ಮಾತಿಲ್ಲ ಅಂದರು ಡಾಕ್ಟರು. ನನ್ನ ಮಗ ಮನೆಗೆ ಬಂದವನೇ, "ಸಾಕಪ್ಪ. ಆಟಾನೂ ಬೇಡ, ಕಬ್ಬಿಣಾನೂ ಬೇಡ. ಹತ್ತನೇ ಕ್ಲಾಸು ಓದ್ಲಿ" ಅಂದ. ಹುಡುಗಿ ಅವತ್ತು ಊಟ ಮಾಡಲಿಲ್ಲ.

ಬ್ಯಾಂಕಿನಲ್ಲಿ ಇದ್ದಷ್ಟು ಕಾಲ ಕಾಗದ ಓದದೆ ಸಾಲ ಮಂಜೂರು ಮಾಡಿದವನಲ್ಲ, ತಳ್ಳಿಹಾಕಿದವನೂ ಅಲ್ಲ. ಹಾಗಾಗಿ ಕೋಚ್‌ರನ್ನೂ, ಫಿಸಿಯೋಥೆರಪಿಸ್ಟ್ ಒಬ್ಬರನ್ನೂ ಕೂರಿಸಿಕೊಂಡು ಕೇಳಿದೆ, ಸಿಕ್ಕಿದ್ದನ್ನು ಓದಿದೆ. ಬಲ್ಲವರ ಕಣ್ಣೆದುರು, ಸರಿಯಾದ ರೀತಿಯಲ್ಲಿ ಭಾರ ಎತ್ತಿದರೆ ಮಕ್ಕಳ ಎತ್ತರಕ್ಕೆ ತೊಂದರೆಯಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಇದನ್ನೇ ಹೇಳುತ್ತದೆ. ಇನ್ನೊಂದು ವಿಷಯ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಒಂದೇ ಆಟ ಆಡಿದರೂ ಈ ಮಂಡಿಯ ಕಟ್ಟು ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಎರಡು ಮೂರು ಪಟ್ಟು. ತೊಡೆ, ಸೊಂಟದ ಬಲ ಬೆಳೆಸಿ, ಹಾರಿ ಇಳಿಯುವ ರೀತಿ ತಿದ್ದಿದರೆ ಆ ಅಪಾಯ ಸಾಕಷ್ಟು ತಗ್ಗುತ್ತದೆ. ಅಂದರೆ ನಾವು ಹೆದರುತ್ತಿದ್ದ ಕಬ್ಬಿಣವೇ ಕಾಲು ಕಾಯುವಂಥದ್ದು.

ಆಗ ನೆನಪಾದವನು ನನ್ನ ಹಳೆಯ ಸಹೋದ್ಯೋಗಿ. ಬೆಂಗಳೂರಿನಲ್ಲಿ ಬ್ಯಾಂಕುಗಳ ತಂಡಗಳು ಜೋರಾಗಿದ್ದ ಕಾಲ ಅದು. ವಿಜಯಾ ಬ್ಯಾಂಕಿನ ಬಾಸ್ಕೆಟ್‌ಬಾಲ್ ತಂಡ ಆಟ ಬಲ್ಲವರಿಗೆಲ್ಲ ಗೊತ್ತಿತ್ತು. ಆ ಬ್ಯಾಂಕೇ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋಯಿತು. ಕ್ರೀಡಾ ಕೋಟಾದಲ್ಲಿ ನಮ್ಮ ಶಾಖೆಗೆ ಬಂದಿದ್ದ ಆ ಆರಡಿ ಎತ್ತರದ ಗೆಳೆಯನಿಗೆ ತಯಾರಿ ಅಂದರೆ ಮೈದಾನ ಹತ್ತು ಸುತ್ತು ಓಡುವುದು, ಸಿಮೆಂಟ್ ಅಂಗಳದಲ್ಲಿ ಆಡುವುದು. ಭಾರ ಎತ್ತಿದರೆ ಮೈ ಬಿಗಿದು ಕೈಗುರಿ ಕೆಡುತ್ತದೆ ಅಂತ ಆಗಿನ ನಂಬಿಕೆ. ನಲವತ್ತು ತುಂಬುವ ಮೊದಲೇ ಅವನು ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಿದ್ದ.

ಆ ಮೇಲೆ ಆಟವೂ ಬದಲಾಯಿತು. ಇಪ್ಪತ್ತು ನಿಮಿಷದ ಎರಡು ಅವಧಿ ಹೋಗಿ 2000ದಿಂದ ಹತ್ತು ನಿಮಿಷದ ನಾಲ್ಕು ಅವಧಿ ಬಂದವು. ಚೆಂಡು ಕೈಗೆ ಬಂದ ಮೇಲೆ ಬುಟ್ಟಿಗೆ ಎಸೆಯಲು ಇದ್ದ 30 ಸೆಕೆಂಡು 24ಕ್ಕೆ ಇಳಿಯಿತು. ಓಡು, ತಟ್ಟನೆ ನಿಲ್ಲು, ತಿರುಗು, ಹಾರು, ಮತ್ತೆ ಓಡು. ಇದಕ್ಕೆ ಹತ್ತು ಸುತ್ತಿನ ಓಟ ಸಾಲದು.

ಟೆರೇಸಿನಲ್ಲಿ ಅವರು ಮಾಡುವುದನ್ನು ಕುರ್ಚಿ ಹಾಕಿಕೊಂಡು ನೋಡಿದ್ದೇನೆ. ಮೊದಲು ಹತ್ತು ನಿಮಿಷ ಮೈ ಬೆಚ್ಚಗೆ ಮಾಡುವುದು. ಆಮೇಲೆ ಡಂಬೆಲ್ ಎದೆಗೆ ಹಿಡಿದು ಕೂತು ಏಳುವುದು, ಒಂಟಿ ಕಾಲಿನಲ್ಲಿ ಬಾಗುವುದು. ಮಂಡಿಯೂರಿ ಕೂತವಳ ಹಿಮ್ಮಡಿಯನ್ನು ಇನ್ನೊಬ್ಬಳು ಒತ್ತಿ ಹಿಡಿಯುತ್ತಾಳೆ. ಇವಳು ನಿಧಾನವಾಗಿ ಮುಂದಕ್ಕೆ ವಾಲುತ್ತಾಳೆ. ತೊಡೆಯ ಹಿಂಭಾಗಕ್ಕೆ ಅದು ಒಳ್ಳೆಯದಂತೆ. ಕೊನೆಗೆ ಗಿಡ್ಡ ಪೆಟ್ಟಿಗೆಯ ಮೇಲಿಂದ ಕೆಳಗೆ ಹಾರಿ, ಮಂಡಿ ಒಳಕ್ಕೆ ಬೀಳದಂತೆ, ಸದ್ದಾಗದಂತೆ ನಿಲ್ಲಬೇಕು. "ಅಜ್ಜ, ಜಂಪ್ ಎಲ್ರೂ ಮಾಡ್ತಾರೆ. ಸರ್ ಮಾರ್ಕ್ಸ್ ಕೊಡೋದು ಲ್ಯಾಂಡಿಂಗ್‌ಗೆ" ಅಂದಳು. ಭಾರ ಏರಿಸುವುದು ಕಿಲೋ ಅರ್ಧ ಕಿಲೋ ಲೆಕ್ಕದಲ್ಲಿ. ಎರಡು ದಿನದ ನಡುವೆ ಬಿಡುವು ಇರಲೇಬೇಕು.

"ಇದಕ್ಕೆ ಸ್ಕ್ವಾಟ್ ಅಂತಾರೆ ಅಜ್ಜ" ಅಂತ ಅವಳು ತೋರಿಸಿದಾಗ, "ಇದು ಬಸ್ಕಿ ಕಣೇ" ಅಂದೆ. ದಂಡ, ಸಾಮು, ಉಸ್ತಾದ್, ಮಟ್ಟಿ, ಒಂದೊಂದೇ ಹೇಳಿದೆ. ಹಿಂದಿ ಮರಾಠಿಯ ನಡುವೆ ಬೆಳೆದ ಹುಡುಗಿ. ಮನೆಯಲ್ಲಿ ಅವಳ ಕನ್ನಡ ಅಡುಗೆಮನೆ ದಾಟುವುದು ಅಪರೂಪ. ಈಗ ಟೆರೇಸಿನಲ್ಲಿ ಗುಜರಾತಿ ಹುಡುಗಿಯೂ "ಔರ್ ದಸ್ ಬಸ್ಕಿ" ಅನ್ನುತ್ತಾಳೆ.

"ಗರಡಿಮನೇಲಿ ಅಜ್ಜೀನೂ ಮಾಡ್ತಿದ್ರಾ?" ಅಂತ ಕೇಳಿದಳು. ಇಲ್ಲ. ನಮ್ಮ ಓಣಿಯ ಗರಡಿಯ ಹೊಸ್ತಿಲನ್ನು ಹೆಂಗಸರು ದಾಟುವಂತಿರಲಿಲ್ಲ. ನನ್ನ ತಾಯಿ ಅದರ ಮುಂದೆಯೇ ದಿನಾ ಎರಡು ಕೊಡ ನೀರು ಹೊತ್ತು ಹೋಗುತ್ತಿದ್ದರು. ಆ ಭಾರಕ್ಕೆ ಯಾರೂ ತರಬೇತಿ ಕೊಟ್ಟಿರಲಿಲ್ಲ, ಅದರಿಂದ ಬೆಳವಣಿಗೆ ನಿಲ್ಲುತ್ತದೆ ಅಂತಲೂ ಯಾರೂ ಹೆದರಲಿಲ್ಲ. ಈ ಮಾತನ್ನು ಮಗನೆದುರು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಪರೀಕ್ಷೆ ಮುಗಿಯುವ ತನಕ ಟೂರ್ನಮೆಂಟ್ ಬೇಡ, ಟೆರೇಸ್ ನಡೀಲಿ ಅಂದ. ಹುಡುಗಿ ಒಪ್ಪಿದಳು.

ಪರೀಕ್ಷೆಯಾದ ಮೇಲೆ ಊರಿಗೆ ಹೋಗಿ ಗರಡಿಮನೆಯನ್ನು ಒಳಗಿಂದ ನೋಡಬೇಕು ಅಂತ ಅವಳ ಆಸೆ. ಹೆಂಡತಿಯ ಅಕ್ಕನ ಮಗನಿಗೆ ಫೋನ್ ಮಾಡಿದೆ. "ಉಸ್ತಾದರನ್ನ ಕೇಳಿ ಹೇಳ್ತೀನಿ ಚಿಕ್ಕಪ್ಪ" ಅಂದಿದ್ದಾನೆ. ಉತ್ತರ ಇನ್ನೂ ಬಂದಿಲ್ಲ. ಟಿಕೆಟ್ ಮಾತ್ರ ಮಾಡಿಸಿಟ್ಟಿದ್ದೇನೆ.