ಅಬಾಯಿ ಕೇರಿಯ ಮೀನು ಸಾರು

ದಕ್ಷಿಣ ಕೊರಿಯಾದ ಪೂರ್ವ ಕರಾವಳಿಯಲ್ಲಿ ಸೊಕ್ಚೊ ಎಂಬ ಊರಿದೆ. ಅಲ್ಲೊಂದು ದೋಣಿ. ಅದಕ್ಕೆ ಹುಟ್ಟಿಲ್ಲ, ಹಾಯಿಯಿಲ್ಲ, ಇಂಜಿನ್ನೂ ಇಲ್ಲ. ಈ ದಡದಿಂದ ಆ ದಡಕ್ಕೆ ಉಕ್ಕಿನ ಹಗ್ಗ ಕಟ್ಟಿದ್ದಾರೆ. ಕೈಯಲ್ಲೊಂದು ಕೊಕ್ಕೆ ಹಿಡಿದು, ಅದನ್ನು ಹಗ್ಗಕ್ಕೆ ಸಿಕ್ಕಿಸಿ ಜಗ್ಗಿದರೆ ದೋಣಿ ಮೆಲ್ಲಗೆ ಮುಂದೆ ಸರಿಯುತ್ತದೆ. ಹತ್ತಿದವರೂ ಕೈಜೋಡಿಸಬಹುದು. ನಾನೂ ಜಗ್ಗಿದೆ. ಫೆಬ್ರವರಿ ತಿಂಗಳ ಚಳಿಯಲ್ಲಿ ಕೈಗೆ ಬಿಸಿ ಹತ್ತಿತು. ಆಚೆ ದಡ ಕೂಗಿದರೆ ಕೇಳುವಷ್ಟು ಹತ್ತಿರ. ಅಲ್ಲಿರುವುದೇ ಅಬಾಯಿ ಕೇರಿ.

‘ಅಬಾಯಿ’ ಎಂದರೆ ಕೊರಿಯಾದ ಉತ್ತರದ ಹಮ್‌ಗ್ಯೊಂಗ್ ಸೀಮೆಯ ಮಾತಿನಲ್ಲಿ ಅಜ್ಜ, ವಯಸ್ಸಾದ ಹಿರಿಯ. ದಕ್ಷಿಣದ ಊರಿಗೆ ಉತ್ತರದ ಹೆಸರು ಹೇಗೆ ಬಂತು? 1950ರಲ್ಲಿ ಕೊರಿಯಾದಲ್ಲಿ ಯುದ್ಧ ಶುರುವಾಯಿತು. ಹಮ್‌ಗ್ಯೊಂಗ್‌ನಿಂದ ಸಾವಿರಾರು ಜನ ಮನೆಮಠ ಬಿಟ್ಟು ದಕ್ಷಿಣಕ್ಕೆ ಓಡಿ ಬಂದರು. ‘ನಾಲ್ಕು ದಿನದಲ್ಲಿ ಗಲಾಟೆ ಮುಗಿದರೆ ಊರಿಗೆ ಹೋಗಿಬಿಡೋಣ’ ಎಂದು ಗಡಿಗೆ ಹತ್ತಿರದ ಈ ಮರಳು ದಿಬ್ಬದ ಮೇಲೆ ಗುಡಿಸಲು ಹಾಕಿಕೊಂಡರು. 1953ರಲ್ಲಿ ಕದನವಿರಾಮವಾಯಿತು. ಆದರೆ ನಡುವೆ ಬೇಲಿ ಬಿತ್ತು. ಯಾರೂ ಊರಿಗೆ ಮರಳಲಿಲ್ಲ.

ಊರು ಹೋಯಿತು, ನಾಲಿಗೆಯ ರುಚಿ ಮಾತ್ರ ಅವರ ಜೊತೆ ಬಂತು. ಅದರಲ್ಲಿ ಮೊದಲನೆಯದು ‘ಮ್ಯೊಂಗ್‌ತೇ’ ಎಂಬ ಮೀನು. ತಣ್ಣನೆಯ ಸಮುದ್ರದಲ್ಲಿ ಬದುಕುವ ಈ ಮೀನನ್ನು ಇಂಗ್ಲಿಷಿನಲ್ಲಿ ಪೊಲಾಕ್ ಅನ್ನುತ್ತಾರೆ. ಹೆಸರಿನ ಹಿಂದೆ ಒಂದು ಕಥೆಯೂ ಇದೆ. ಮ್ಯೊಂಗ್‌ಚೊನ್ ಎಂಬಲ್ಲಿ ‘ತೇ’ ಮನೆತನದ ಬೆಸ್ತನೊಬ್ಬ ಮೀನು ಹಿಡಿದು ತಂದನಂತೆ. ತಿಂದ ಅಧಿಕಾರಿಗೆ ಬಹಳ ಹಿಡಿಸಿತು. ಹೆಸರೇನು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಕೊನೆಗೆ ಊರಿನ ‘ಮ್ಯೊಂಗ್’, ಬೆಸ್ತನ ‘ತೇ’ ಎರಡನ್ನೂ ಸೇರಿಸಿ ಹೆಸರಿಟ್ಟರಂತೆ.

ಆಮೇಲೆ ಹೆಸರಿಗೆ ಬರವೇ ಇಲ್ಲ. ಹಸಿಯಾಗಿದ್ದರೆ ಸೆಂಗ್‌ತೇ, ಹೆಪ್ಪುಗಟ್ಟಿಸಿದರೆ ದೊಂಗ್‌ತೇ, ಒಣಗಿಸಿದರೆ ಬುಗೊ, ಅರ್ಧ ಒಣಗಿದರೆ ಕೊದಾರಿ, ಮರಿಯಾದರೆ ನೊಗಾರಿ. ಹಿಮದಲ್ಲಿ ಒಣಗಿಸಿದರೆ ಹ್ವಾಂಗ್‌ತೇ. ನಮ್ಮಲ್ಲಿ ಭತ್ತ, ಅಕ್ಕಿ, ಅನ್ನ, ಅವಲಕ್ಕಿ, ಮಂಡಕ್ಕಿ ಎಂದು ಬೇರೆಬೇರೆ ಹೆಸರಿಲ್ಲವೇ? ಹಾಗೆಯೇ. ಮನೆಯಲ್ಲಿ ದಿನವೂ ಬಳಸುವ ವಸ್ತುವಿಗೆ ಹೆಸರು ಜಾಸ್ತಿ.

ನಮ್ಮ ಕರಾವಳಿಯಲ್ಲಿ ಮೀನನ್ನು ಉಪ್ಪು ಹಚ್ಚಿ ಸುಡುಬಿಸಿಲಿಗೆ ಒಣಗಿಸುವುದನ್ನು ನೋಡಿದ್ದೇನೆ. ಹಿಮದಲ್ಲಿ ಒಣಗಿಸುವುದನ್ನು ನೋಡಲು ಬಸ್ಸು ಹತ್ತಿದೆ. ಬೆಟ್ಟದ ಸುರಂಗ ದಾಟಿದರೆ ಇಂಜೆ ಜಿಲ್ಲೆಯ ಯೊಂಗ್‌ದೇರಿ. ತಮ್ಮೂರಿನಂಥದೇ ಚಳಿಗಾಳಿ ಇಲ್ಲಿದೆ ಎಂದು ಕಂಡುಕೊಂಡ ಉತ್ತರದವರು, ಯುದ್ಧದ ನಂತರ ಈ ಸೀಮೆಯ ಬೆಟ್ಟಗಳಲ್ಲಿ ಮೀನು ಒಣಗಿಸುವ ಕಸುಬು ಬೆಳೆಸಿದರು. ಹೊಲದ ತುಂಬ ಮರದ ಚಪ್ಪರ. ಎರಡೆರಡು ಮೀನು ಜೋಡಿ ಕಟ್ಟಿ ಸಾಲಾಗಿ ತೂಗುಹಾಕಿದ್ದಾರೆ. ಮೇಲೆ ಹಿಮ ಬಿದ್ದಿದೆ. ರಾತ್ರಿ ಮೀನು ಕಲ್ಲಿನಂತೆ ಹೆಪ್ಪುಗಟ್ಟುತ್ತದೆ, ಹಗಲು ಬಿಸಿಲಿಗೆ ಕರಗುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಇದೇ ಆಟ. ಹೆಪ್ಪುಗಟ್ಟಿ ಕರಗಿ, ಕರಗಿ ಹೆಪ್ಪುಗಟ್ಟಿ ಮಾಂಸ ಹತ್ತಿಯಂತೆ ಉಬ್ಬಿ ಹಳದಿಯಾಗುತ್ತದೆ. ‘ಹ್ವಾಂಗ್’ ಎಂದರೆ ಹಳದಿಯೇ. ಚಳಿ ವಿಪರೀತವಾದರೆ ಮೀನು ಬಿಳಿಚಿಕೊಳ್ಳುತ್ತದೆ, ಸೆಕೆಯಾದರೆ ಕಪ್ಪಾಗುತ್ತದೆ. ಮನುಷ್ಯರ ಕೆಲಸ ತೂಗುಹಾಕುವುದು. ಉಳಿದದ್ದು ಗಾಳಿ, ಹಿಮ, ಬಿಸಿಲಿನದು.

ಸಂಜೆ ನಾನು ಉಳಿದುಕೊಂಡಿದ್ದ ಮನೆಗೆ ಮರಳಿದಾಗ ಮೈ ನಡುಗುತ್ತಿತ್ತು. ಆ ಮನೆಯ ಅಜ್ಜಿ ಹುಟ್ಟಿದ್ದು ಅಬಾಯಿ ಕೇರಿಯಲ್ಲೇ, ಅವರ ಅಪ್ಪ ಹಮ್‌ಗ್ಯೊಂಗ್‌ನಿಂದ ಬಂದವರು. ನನ್ನನ್ನು ನೋಡಿದವರೇ ಒಲೆ ಹಚ್ಚಿದರು. ಹೈಸ್ಕೂಲಿಗೆ ಹೋಗುವ ಮೊಮ್ಮಗಳು ಅವರ ಮಾತನ್ನು ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

ಅಡುಗೆ ತುಂಬ ಸುಲಭ. ಎರಡು ಹಿಡಿ ಹ್ವಾಂಗ್‌ತೇಯನ್ನು ಎಳೆಎಳೆಯಾಗಿ ಸೀಳಿ, ನೀರಿನಲ್ಲಿ ಅದ್ದಿ ಹಿಂಡಿಟ್ಟರು. ಪಾತ್ರೆಗೆ ಒಂದು ಚಮಚ ಎಳ್ಳೆಣ್ಣೆ. ಹುರಿದ ಎಳ್ಳಿನಿಂದ ತೆಗೆದ ಎಣ್ಣೆಯಾದ್ದರಿಂದ ಮನೆಯೆಲ್ಲ ಘಮ್ಮೆಂದಿತು. ಅದರಲ್ಲಿ ಮೀನಿನ ಎಳೆ, ತೆಳ್ಳಗೆ ಹೆಚ್ಚಿದ ಮೂಲಂಗಿ, ಜಜ್ಜಿದ ಬೆಳ್ಳುಳ್ಳಿ ಬಾಡಿಸಿದರು. ಆಮೇಲೆ ಸುರಿದದ್ದನ್ನು ನೋಡಿ ನನಗೆ ನಗು ಬಂತು. ಅಕ್ಕಿ ತೊಳೆದ ನೀರು! ನಮ್ಮ ಅಜ್ಜಿಯಂದಿರು ಅಕ್ಕಚ್ಚು ಎಂದು ದನಕ್ಕೆ ಎತ್ತಿಡುತ್ತಿದ್ದರಲ್ಲ, ಅದೇ. ಮೊದಲ ಸಲ ತೊಳೆದದ್ದನ್ನು ಚೆಲ್ಲಿ, ಎರಡನೆಯ ಸಲದ್ದನ್ನು ಬಳಸಬೇಕಂತೆ. ಇಪ್ಪತ್ತು ನಿಮಿಷ ಕುದಿಯುವಷ್ಟರಲ್ಲಿ ಸಾರು ಹಾಲಿನಂತೆ ಬೆಳ್ಳಗಾಯಿತು.

ಕೊನೆಗೆ ತೋಫು. ಸೋಯಾ ಕಾಳಿನ ಹಾಲನ್ನು ಒಡೆಸಿ ಮಾಡುವ ಇದು ನೋಡಲು ಪನೀರಿನಂತೆ, ಬಾಯಲ್ಲಿಟ್ಟರೆ ಗಿಣ್ಣಿನಂತೆ ಮೆತ್ತಗೆ. ಕೊರಿಯಾದವರು ‘ದುಬು’ ಅನ್ನುತ್ತಾರೆ. ಅದರ ತುಂಡುಗಳನ್ನು ಬಿಟ್ಟು, ಒಂದು ಮೊಟ್ಟೆ ಕದಡಿ ಹುಯ್ದು, ಉಪ್ಪು, ಸೋಯಾ ಸಾಸು, ಈರುಳ್ಳಿ ಸೊಪ್ಪು ಹಾಕಿ ಇಳಿಸಿದರು. ಮೆಣಸಿನಕಾಯಿ ಇಲ್ಲ. ಹೊಟ್ಟೆ ಕೆಟ್ಟವರಿಗೂ ಹಲ್ಲಿಲ್ಲದವರಿಗೂ ಒಗ್ಗುವ ಸಾರು.

ಹೊಗೆಯಾಡುವ ಸಾರನ್ನು ಸೊರ್ ಎಂದು ಕುಡಿದ ಅಜ್ಜಿ, ‘ಶಿವೊನ್ಹಾದಾ!’ ಅಂದರು. ‘ಆಹಾ, ತಂಪಾಗಿದೆ ಅಂತ’ ಎಂದು ಮೊಮ್ಮಗಳು ನಕ್ಕಳು. ಕುದಿಯುವ ಸಾರು ತಂಪೇ? ಎದೆಯ ಬಿಗಿ ಸಡಿಲಾಗಿ ಒಳಗೆಲ್ಲ ಹಗುರಾದರೆ ಅದಕ್ಕೆ ಕೊರಿಯಾದವರು ತಂಪು ಎನ್ನುತ್ತಾರೆ. ‘ಚಿಕ್ಕವಳಿದ್ದಾಗ ನನಗೂ ಅರ್ಥವಾಗುತ್ತಿರಲಿಲ್ಲ. ಈಗ ಆಗುತ್ತದೆ’ ಅಂದಳು. ನಾನೂ ಒಂದು ಗುಟುಕು ಕುಡಿದೆ. ನನಗೂ ಅರ್ಥವಾಯಿತು.

‘ಈ ಮೀನು ನಿಮ್ಮ ಸಮುದ್ರದ್ದೇನಾ?’ ಎಂದು ಕೇಳಿದೆ. ಅಜ್ಜಿ ತಲೆಯಾಡಿಸಿದರು. ‘ಅಲ್ಲ, ರಷ್ಯಾದ್ದು.’

ಅವರು ಚಿಕ್ಕವರಿದ್ದಾಗ ದೋಣಿಗಳು ಮೀನಿನ ಭಾರಕ್ಕೆ ಕುಗ್ಗಿ ಬರುತ್ತಿದ್ದವಂತೆ. ಕೇರಿಯ ಹೆಂಗಸರು ಮಕ್ಕಳೆಲ್ಲ ಸೇರಿ ಮೀನು ಸೀಳುತ್ತಿದ್ದರು. ಮೊಟ್ಟೆ, ಕರುಳು ಎರಡೂ ಉಪ್ಪಿನಲ್ಲಿ ಹಾಕಿದ ಉಪ್ಪಿನಕಾಯಿಯಾಗುತ್ತಿದ್ದವು. ಏನನ್ನೂ ಬಿಸಾಡುತ್ತಿರಲಿಲ್ಲ. 1980ರ ದಶಕದ ಆರಂಭದಲ್ಲಿ ಕೊರಿಯಾದ ದೋಣಿಗಳು ವರ್ಷಕ್ಕೆ 1 ಲಕ್ಷ ಟನ್ನಿಗೂ ಹೆಚ್ಚು ಮ್ಯೊಂಗ್‌ತೇ ಹಿಡಿಯುತ್ತಿದ್ದವು. ಅದರಲ್ಲಿ ಬಹುಪಾಲು ನೊಗಾರಿ, ಅಂದರೆ ಮರಿಗಳು! ಅವುಗಳನ್ನು ಒಣಗಿಸಿ ಕುರುಕಲು ತಿಂಡಿಯಾಗಿ ಮಾರುತ್ತಿದ್ದರು. ಮರಿಯನ್ನೇ ತಿಂದರೆ ಮೊಟ್ಟೆಯಿಡುವವರು ಯಾರು? ಜೊತೆಗೆ ಸಮುದ್ರದ ನೀರೂ ಬೆಚ್ಚಗಾಗುತ್ತ ಬಂತು. ಮೂವತ್ತು ವರ್ಷದೊಳಗೆ ಮೀನು ಹೆಚ್ಚುಕಡಿಮೆ ಮಾಯವಾಯಿತು.

2014ರಲ್ಲಿ ಸರ್ಕಾರ, ಜೀವಂತ ಮ್ಯೊಂಗ್‌ತೇ ತಂದವರಿಗೆ 5 ಲಕ್ಷ ವಾನ್ ಬಹುಮಾನ ಎಂದು ಸಾರಿತು. ಮನೆ ಬಿಟ್ಟು ಹೋದವರನ್ನು ಹುಡುಕುವಂತೆ ಮೀನನ್ನು ಹುಡುಕಿದರು! ಸಿಕ್ಕ ಮೀನಿನ ಮೊಟ್ಟೆಗಳಿಂದ ವಿಜ್ಞಾನಿಗಳು ಮರಿ ಮಾಡಿದರು. 2016ರಲ್ಲಿ ಆ ಮರಿಗಳು ಬೆಳೆದು ತಾವೇ ಮೊಟ್ಟೆಯಿಟ್ಟು, ಅವುಗಳಿಂದಲೂ ಮರಿಗಳಾದವು. ಸಾಕಿದ ಮರಿಗಳನ್ನು ಸಮುದ್ರಕ್ಕೆ ಬಿಡುತ್ತ ಬಂದಿದ್ದಾರೆ. 2019ರಿಂದ ಕೊರಿಯಾದ ಕಡಲಿನಲ್ಲಿ ಮ್ಯೊಂಗ್‌ತೇ ಹಿಡಿಯುವುದನ್ನೇ ನಿಷೇಧಿಸಿದ್ದಾರೆ. ಹಿಂದಿನ ಹಾಗೆ ಮೀನು ಇನ್ನೂ ತುಂಬಿಕೊಂಡಿಲ್ಲ.

ಅಜ್ಜಿಯ ಅಪ್ಪ ಊರಿಗೆ ಹೋಗುವ ದಿನ ಬರುತ್ತದೆಂದು ಕಾಯುತ್ತಲೇ ತೀರಿಕೊಂಡರಂತೆ. ಅಜ್ಜಿ ಈಗ ಮೀನು ಬರುವುದನ್ನು ಕಾಯುತ್ತಿದ್ದಾರೆ. ಮನುಷ್ಯರು ಹಾಕಿದ ಬೇಲಿ ಮೀನಿಗೆ ಇಲ್ಲ. ಉತ್ತರದ ತಣ್ಣೀರಿನಿಂದ ಈಜಿ ಬರಲು ಅದಕ್ಕೆ ಯಾರ ಅಪ್ಪಣೆಯೂ ಬೇಡ. ಮರಿಗಳನ್ನು ಬೆಳೆಯಲು ಬಿಟ್ಟರೆ ಸಾಕು.

ಮೊಮ್ಮಗಳು ತನ್ನ ಕಡಲಿನ ಮ್ಯೊಂಗ್‌ತೇಯನ್ನು ಜೀವಂತವಾಗಿ ಇನ್ನೂ ನೋಡಿಲ್ಲ. ಆದರೆ ಸಾರು ಮಾಡುವುದನ್ನು ಕಲಿತಿದ್ದಾಳೆ. ಎರಡನೆಯ ಸಲ ತೊಳೆದ ಅಕ್ಕಿ ನೀರನ್ನು ಎತ್ತಿಡುವುದು ಈಗ ಅವಳ ಕೆಲಸ.