ಕಂಪನಿಗೆ ಯಾವಾಗ ಹೇಳೋದು?

ಮೂರು ತಿಂಗಳು ತುಂಬೋವರೆಗೆ ಬಾಯಿ ಬಿಡಬೇಡಿ ಅಂತಾರೆ ಮನೆಯ ಅಜ್ಜಿಯರು. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗೋ ಅಕ್ಕಂದಿರು ಹೊಟ್ಟೆ ಕಾಣೋವರೆಗೂ ಮುಚ್ಚಿಡ್ತಾರೆ. ಕೆಲಸದಿಂದ ತೆಗೆದುಬಿಟ್ಟರೆ ಅನ್ನೋ ಭಯ. ಆದರೆ ಇಎಸ್‌ಐ ಇರೋರಿಗೆ ಮೊದಲ ಎರಡು ಹೆರಿಗೆಗೆ 2017ರಿಂದ 26 ವಾರದ ಸಂಬಳ ಸಿಗುತ್ತೆ. ಹಿಂದಿನ ಎರಡು ವಂತಿಗೆ ಅವಧಿಯಲ್ಲಿ 70 ದಿನದ ವಂತಿಗೆ ಕಟ್ಟಿರಬೇಕು. ಹೆದರಿ ಮೊದಲೇ ಕೆಲಸ ಬಿಟ್ಟರೆ ಈ ಲೆಕ್ಕವೇ ತಪ್ಪಬಹುದು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಚೀಟಿ ಜೊತೆ ಬರೆದು ಕೊಡಿ, ನಕಲಿನ ಮೇಲೆ ಸಹಿ ಹಾಕಿಸಿಕೊಳ್ಳಿ. ಬಾಯಿಮಾತು ಸೂಪರ್‌ವೈಸರ್‌ಗೆ ನಾಳೆ ನೆನಪಿರಲ್ಲ.

ನಾವೋ ಸ್ಟ್ರಿಂಗರ್. ಸುದ್ದಿಗಿಷ್ಟು ಅಂತ ದುಡ್ಡು, ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲ, ಇಎಸ್‌ಐ ಎಲ್ಲಿಂದ ಬರಬೇಕು? ಐದನೇ ತಿಂಗಳಲ್ಲಿ ಸ್ಕೂಟರ್ ಓಡಿಸೋಕಾಗದೆ ಡೆಸ್ಕ್‌ಗೆ ಹೇಳಿದೆವು. "ಒಳ್ಳೇದಾಯ್ತು ಮೇಡಂ," ಅಂದರು. "ಕೆಂಗೇರಿ ಕಡೆಗೆ ಬೇರೆ ಯಾರಾದ್ರೂ ಇದಾರಾ?"