ಮಾತು ನಡೆಯದ ಬಾದಶಹ

ದೆಹಲಿಯ ಕೆಂಪುಕೋಟೆಯಲ್ಲಿ ದಿವಾನ್-ಇ-ಖಾಸ್ ಎದುರು ನಿಂತು ಮೊಮ್ಮಗಳು, “ಅಜ್ಜಾ, ರಾಜ ಎಲ್ಲಿ ಕೂರುತ್ತಿದ್ದ?” ಎಂದಳು. ಅಮೃತಶಿಲೆಯ ಬರಿಯ ಪೀಠ ತೋರಿಸಿದೆ. ಮಯೂರ ಸಿಂಹಾಸನವನ್ನು ನಾದಿರ್ ಷಾ 1739ರಲ್ಲೇ ಹೊತ್ತೊಯ್ದಿದ್ದ.

1857ರ ಮೇ 11ರಂದು ಮೀರತ್‌ನ ಸಿಪಾಯಿಗಳು ಇಲ್ಲಿಗೆ ಬಂದು, ಬ್ರಿಟಿಷರ ವಿರುದ್ಧ ನಮಗೆ ಮುಂದಾಳಾಗು ಎಂದು 81 ವರ್ಷದ ಬಹಾದೂರ್ ಷಾ ಜಫರನನ್ನು ಕೇಳಿದರು. ಒಪ್ಪಿದ. ಹೆಸರಿಗೆ ಬಾದಶಹ, ಸಂಬಳ ಕೊಡಲು ಬೊಕ್ಕಸದಲ್ಲಿ ಕಾಸಿಲ್ಲ. ಸಿಪಾಯಿಗಳು ಅವನ ತೋಟದಲ್ಲೇ ಬೀಡುಬಿಟ್ಟರು, ಬೂಟು ಕಳಚದೆ ಸಭೆಗೆ ಬಂದರು. ಊರು ದೋಚಬೇಡಿ ಎಂದರೆ ಕೇಳುವವರಿಲ್ಲ. ಮೆಕ್ಕಾಕ್ಕೆ ಹೊರಟುಬಿಡುತ್ತೇನೆ ಎಂದು ಹೆದರಿಸಿಯೂ ನೋಡಿದ, ಪಾಪ!

ಸೆಪ್ಟೆಂಬರಿನಲ್ಲಿ ದೆಹಲಿ ಬ್ರಿಟಿಷರ ಕೈಸೇರಿತು. ಮರುವರ್ಷ ಇದೇ ಸಭಾಂಗಣದಲ್ಲಿ ಅವನ ವಿಚಾರಣೆ ನಡೆಸಿ, ರಂಗೂನಿಗೆ ಗಡಿಪಾರು ಮಾಡಿದರು.

ಮೊಮ್ಮಗಳು ತನ್ನ ಶೂ ನೋಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.